ಬಾಯಿ ಆಡಿಸುವವರ ಸಾಲು

"ಹಿಂದಿನ ಸಾಲು, ಬರೀ ಬಾಯಿ. ಶಬ್ದ ಬೇಡ," ಎಂದು ದೊಡ್ಡ ಮಿಸ್ ಪಿಯಾನೋದಿಂದ ತಲೆ ಎತ್ತದೆಯೇ ಹೇಳಿದರು.

ಹಿಂದಿನ ಸಾಲಿನ ಏಳೆಂಟು ಮಕ್ಕಳು ಗುಂಡಿ ಒತ್ತಿದಂತೆ ದನಿ ನಿಲ್ಲಿಸಿ, ಬಾಯಿ ಮಾತ್ರ ಆಡಿಸತೊಡಗಿದರು. ಮುಂದಿನ ಎರಡು ಸಾಲುಗಳ ಹಾಡು ತಿಳಿಯಾಗಿ ಸಭಾಂಗಣದ ತುಂಬ ಹರಡಿತು. 'ದಡದ ಮೇಲೆ ದೋಣಿ ಇದೆ, ಹುಟ್ಟು ಎಲ್ಲಿದೆ?' ಕೇಳಲು ಹಿತವಾಗಿಯೇ ಇತ್ತು. ಕಣ್ಣು ಮುಚ್ಚಿ ಕೇಳಿದರೆ ಇನ್ನೂ ಹಿತ, ಯಾಕೆಂದರೆ ಆಗ ಹಿಂದಿನ ಸಾಲು ಕಾಣುವುದಿಲ್ಲ.

ಕಿಟಕಿಯ ಪಕ್ಕ ನಿಂತಿದ್ದ ಹೊಸ ಮಿಸ್‌ಗೆ ಮೈ ಉರಿಯಿತು. ಮಕ್ಕಳ ಬಾಯಲ್ಲಿ ಹೊಸ ಮಿಸ್ ಆದರೂ ಅವಳು ಕೆಲಸಕ್ಕೆ ಹೊಸಬಳೇನಲ್ಲ, ಕಿವಿಯ ಪಕ್ಕ ಬಿಳಿ ಕೂದಲು ಇಣುಕಿದ ಹೆಂಗಸು. ಊರಿನ ಆಚೆ ಬದಿಯ ಸಣ್ಣ ಶಾಲೆಯೊಂದರಲ್ಲಿ ವರ್ಷಗಟ್ಟಲೆ ಹಾಡು ಕಲಿಸಿದವಳು. ಸಂಗೀತ ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿ, ಅದರ ಮೇಲೆ ಶಿಕ್ಷಕರ ಅರ್ಹತಾಪತ್ರ ಇಲ್ಲದವರು ತರಗತಿಗೆ ಕಾಲಿಡಕೂಡದು ಎಂಬ ನಿಯಮ ಬಂದಾಗ, ತನ್ನ ಅರ್ಧ ವಯಸ್ಸಿನವರ ಜೊತೆ ಬೆಂಚಿನ ಮೇಲೆ ಕೂತು ಓದಿದಳು. ಪದವಿ ಕೈಗೆ ಬಂತು. ಉಳಿದದ್ದು ಈ ಶಾಲೆಯಲ್ಲಿ ದೊಡ್ಡ ಮಿಸ್ ಕೈಕೆಳಗೆ ತರಬೇತಿ, ಕೊನೆಗೆ ಪರೀಕ್ಷಕರ ಮುಂದೆ ಒಂದು ಪಾಠ. ಅದನ್ನು ದಾಟಿದರೆ ಅರ್ಹತಾಪತ್ರ. ಹಳೆಯ ಶಾಲೆಯವರು ರಜೆ ಮುಗಿಯುವ ತನಕ ಅವಳ ಜಾಗ ಕಾಯ್ದಿಡುತ್ತೇವೆ ಎಂದಿದ್ದರು. ಅಷ್ಟರಲ್ಲಿ ಪತ್ರ ಬರದಿದ್ದರೆ ಆ ಜಾಗ ಬೇರೆಯವರಿಗೆ.

ದೊಡ್ಡ ಮಿಸ್ ಏನು ಸಾಮಾನ್ಯರಲ್ಲ. ಅವರ ತಂಡ ಸ್ಪರ್ಧೆಗೆ ಹೋಗಿ ಬರಿಗೈಲಿ ಬಂದದ್ದೇ ಇಲ್ಲ. ಗಾಜಿನ ಬೀರುವಿನಲ್ಲಿ ಕಪ್ಪುಗಳನ್ನು ಇಡಲು ಜಾಗವಿರಲಿಲ್ಲ. ಅವರ ಪದ್ಧತಿ ಸರಳ. ವರ್ಷದ ಮೊದಲ ದಿನ ಒಂದೊಂದೇ ಮಗುವನ್ನು ಕರೆದು ಪಿಯಾನೋದ ಬಿಳಿ ಕೀಗಳಲ್ಲಿ ಒಂದು ಮನೆ ಒತ್ತಿ "ಆ ಅನ್ನು" ಎನ್ನುವುದು. ಅದೇ ಸ್ವರ ಬಂದರೆ ಮುಂದಿನ ಸಾಲು, ಬರದಿದ್ದರೆ ಹಿಂದಿನದು. "ನಾನು ಯಾರನ್ನೂ ಹೊರಗೆ ಹಾಕಲ್ಲ," ಎಂದು ಅವರು ಹೆಮ್ಮೆಯಿಂದ ಹೇಳುತ್ತಿದ್ದರು. ನಿಜ, ಹೊರಗೆ ಹಾಕುತ್ತಿರಲಿಲ್ಲ. ಸಮವಸ್ತ್ರ ಹಾಕಿಸಿ, ತಲೆ ಬಾಚಿಸಿ, ವೇದಿಕೆಯ ಮೇಲೆಯೇ ನಿಲ್ಲಿಸಿ ಬಾಯಿ ಮುಚ್ಚಿಸುತ್ತಿದ್ದರು, ಅದೂ ಬಾಯಿ ತೆರೆಸಿಯೇ.

ಹಿಂದಿನ ಸಾಲಿನ ರಾಣಿ ಎಂದರೆ ಮೋಟಾರು. ಒಂಬತ್ತು ವರ್ಷದ ಹುಡುಗಿ. ದನಿ ಎತ್ತಿದರೆ ಒಂದೇ ಸ್ವರದಲ್ಲಿ ಗುಂಯ್ ಎನ್ನುತ್ತಾಳೆಂದು ಮಕ್ಕಳೇ ಇಟ್ಟ ಹೆಸರು. ಬಾಯಿ ಆಡಿಸುವುದರಲ್ಲಿ ಮಾತ್ರ ಅವಳನ್ನು ಮೀರಿಸುವವರಿರಲಿಲ್ಲ. ಹುಬ್ಬು ಕುಣಿಸುವಳು, ಕತ್ತು ಕೊಂಕಿಸುವಳು, ಉದ್ದದ ಸ್ವರ ಬಂದಾಗ ಕಣ್ಣು ಅರೆಮುಚ್ಚುವಳು. ಕಳೆದ ವರ್ಷ ಶಾಲೆಯ ಪತ್ರಿಕೆಯ ಮುಖಪುಟದಲ್ಲಿ ಹಾಡುವ ಮಗು ಎಂದು ಅವಳ ಚಿತ್ರವನ್ನೇ ಹಾಕಿದ್ದರು. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಅವಳೂ ನಕ್ಕಿದ್ದಳು.

ಒಂದು ದಿನ ಬಿಡುವಿನಲ್ಲಿ ಈ ಮೋಟಾರು ಮೆಟ್ಟಿಲ ಮೇಲೆ ಕೂತು ಶೂ ಲೇಸಿನ ಗಂಟು ಬಿಡಿಸುತ್ತ ತನ್ನಷ್ಟಕ್ಕೆ ಗುಂಯ್‌ಗುಡುತ್ತಿದ್ದಳು. ಹೊಸ ಮಿಸ್ ಪಕ್ಕದಲ್ಲಿ ಕೂತು ಅದೇ ಸ್ವರವನ್ನು ಹಿಡಿದು ತಾನೂ ಗುಂಯ್ ಎಂದಳು. ಎರಡು ದನಿ ಒಂದಾದಾಗ ಎದೆಯೊಳಗೆ ಸಣ್ಣದೊಂದು ನಡುಕ ಹುಟ್ಟುತ್ತದೆ. ಹಾಡುವವರಿಗೆಲ್ಲ ಅದು ಗೊತ್ತು, ಆ ಹುಡುಗಿಗೆ ಅದು ಮೊದಲ ಸಲ. ಲೇಸು ಬಿಟ್ಟು ತಲೆ ಎತ್ತಿದಳು. ಹೊಸ ಮಿಸ್ ಮೆಲ್ಲಗೆ ಒಂದು ಸ್ವರ ಮೇಲೇರಿದಳು. ಹುಡುಗಿ ತಡವರಿಸಿದಳು, ಏರಿದಳು. ಇನ್ನೊಂದು ಸ್ವರ. ಅದಕ್ಕೂ ಬಂದಳು.

ಅಂದರೆ ಕಿವಿಯಲ್ಲಿ ದೋಷವಿರಲಿಲ್ಲ. ದೊಡ್ಡ ಮಿಸ್ ಒತ್ತುವ ಮನೆ ಅವಳ ಗಂಟಲಿಗೆ ಎತ್ತರವಾಗಿತ್ತು, ಅಷ್ಟೇ. ಎತ್ತರದ ಗೂಟ ಎಟುಕದ ಮಗುವಿಗೆ ಕೈಯೇ ಇಲ್ಲ ಎನ್ನುತ್ತಾರೆಯೇ? ಅವತ್ತಿನಿಂದ ಬಿಡುವಿನಲ್ಲಿ ಮೆಟ್ಟಿಲ ಮೇಲೆ ದಿನವೂ ಈ ಆಟ ನಡೆಯಿತು. ಹಿಂದಿನ ಸಾಲಿನ ಉಳಿದವರೂ ಒಬ್ಬೊಬ್ಬರಾಗಿ ಬಂದು ಸೇರಿಕೊಂಡರು.

ಪರೀಕ್ಷೆಯ ಪಾಠಕ್ಕೆ ವಾರವಿದ್ದಾಗ ಹೊಸ ಮಿಸ್ ವಿಷಯ ತೆಗೆದಳು. "ಮೇಡಂ, ಅವತ್ತು ಹಿಂದಿನ ಸಾಲಿನವರೂ ಹಾಡ್ಲಿ. ಅವರ ಸ್ವರದಿಂದಾನೇ ಶುರು ಮಾಡ್ತೀನಿ."

ದೊಡ್ಡ ಮಿಸ್ ಚಹಾದ ಲೋಟ ಕೆಳಗಿಟ್ಟರು. "ನೋಡಮ್ಮ, ಪುಸ್ತಕದಲ್ಲಿ ನೂರೆಂಟು ಬರೆದಿರ್ತಾರೆ. ವೇದಿಕೆ ಮೇಲೆ ಒಂದು ಮಗು ಅಪಸ್ವರ ತೆಗೆದ್ರೆ ಇಡೀ ಸಭೆ ನಗುತ್ತೆ. ಆ ನಗು ಅದು ಸಾಯೋತನಕ ಮರೆಯಲ್ಲ. ನಾನು ಅವರನ್ನ ನಗೆಪಾಟಲಿಂದ ಉಳಿಸ್ತಿದೀನಿ."

"ನನ್ನ ತಂಗೀನೂ ಹೀಗೇ ಉಳಿಸಿದ್ರು ಮೇಡಂ. ಅವಳು ಇವತ್ತಿಗೂ ಬಾಯಿ ಬಿಟ್ಟಿಲ್ಲ. ಮಗು ಅತ್ರೆ ಜೋಗುಳಕ್ಕೆ ರೇಡಿಯೋ ಹಾಕ್ತಾಳೆ."

ದೊಡ್ಡ ಮಿಸ್ ಲೋಟ ಎತ್ತಿಕೊಂಡರು. "ಹಾಡಿನ ನಾಲ್ಕು ಸಾಲು, ಎರಡು ಧ್ವನಿ. ಪಾಠದ ಯೋಜನೆ ಹಾಗೇ ಕೊಡು. ಪಾಸಾಗಿ ಹೋಗು ಮೊದ್ಲು. ಅರ್ಧದಷ್ಟು ಅಂಕ ನನ್ನ ಕೈಲಿದೆ ಅನ್ನೋದು ನೆನಪಿರ್ಲಿ."

ಮನೆಯಲ್ಲಿ ಗಂಡ, ನಗರ ಸಾರಿಗೆಯ ಬಸ್ಸು ಓಡಿಸುವವನು, ತಟ್ಟೆ ತೊಳೆಯುತ್ತ ಎಲ್ಲವನ್ನೂ ಕೇಳಿಸಿಕೊಂಡ. "ಹೊಳೆ ದಾಟೋ ತನಕ ಅಂಬಿಗನ ಹತ್ರ ಜಗಳ ಆಡಬಾರ್ದು ಕಣೆ. ಒಂದು ಗಂಟೆ ನೀನೂ ಬಾಯಿ ಆಡಿಸಿ ಬಾ. ಪತ್ರ ಕೈಗೆ ಬಂದ್ಮೇಲೆ ನಿನ್ನ ಕ್ಲಾಸು, ನಿನ್ನ ರಾಜ್ಯ."

"ನೀನಾದ್ರೆ ಹಿಂದಿನ ಸೀಟಿನವರನ್ನ ದಾರೀಲೇ ಇಳಿಸಿ ಬರ್ತೀಯಾ?"

"ಇಳಿಸಲ್ಲ. ಆದ್ರೆ ಲೈಸೆನ್ಸ್ ಪರೀಕ್ಷೆ ದಿನ ಅವರನ್ನ ಹತ್ತಿಸಿಕೊಂಡಿರ್ಲಿಲ್ಲ."

ಅವಳಿಗೆ ನಗು ಬಂತು. ಮಾತು ಸರಿಯೆಂದೂ ಅನ್ನಿಸಿತು. ಮರುದಿನ ಮೆಟ್ಟಿಲ ಮೇಲೆ ಮಕ್ಕಳನ್ನು ಕೂರಿಸಿಕೊಂಡು, ಪರೀಕ್ಷೆಯ ದಿನ ಮೊದಲಿನಂತೆಯೇ ಬಾಯಿ ಆಡಿಸಿದರೆ ಸಾಕೆಂದು ಹೇಳಿದಳು. ಯಾರೂ ಯಾಕೆಂದು ಕೇಳಲಿಲ್ಲ. ಅವರಿಗೆ ಅದು ಅಭ್ಯಾಸವಾಗಿತ್ತು.

ಪರೀಕ್ಷಕರು ಮೆಲುಮಾತಿನ, ಬೋಳುತಲೆಯ ಮನುಷ್ಯ. ಸಭಾಂಗಣದ ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಪಕ್ಕದಲ್ಲಿ ದೊಡ್ಡ ಮಿಸ್. ಪಾಠ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸಾಗಿತು. ಉಸಿರಿನ ಅಭ್ಯಾಸ, ತಾಳ, ಆಮೇಲೆ ಹಾಡು. ಮುಂದಿನ ಸಾಲುಗಳು ಒಂದೇ ದನಿಯಲ್ಲಿ ದೋಣಿಯ ಸಾಲನ್ನು ಎತ್ತಿಕೊಂಡವು. ಪರೀಕ್ಷಕರು ತಲೆದೂಗಿದರು. ದೊಡ್ಡ ಮಿಸ್ ಮೊದಲ ಸಲ ಅವಳತ್ತ ನೋಡಿ ನಕ್ಕರು. ಹಳೆಯ ಶಾಲೆಯ ತರಗತಿ, ಅದರ ಒಂದು ಕಾಲು ಮುರಿದ ಮೇಜು, ಎಲ್ಲವೂ ಅವಳ ಕೈಗೆಟುಕುವಷ್ಟು ಹತ್ತಿರ ಬಂದವು.

ಆಗ ಅವಳು ಹಿಂದಿನ ಸಾಲಿನತ್ತ ನೋಡಿದಳು. ನೋಡಬಾರದಿತ್ತೇನೋ. ಮೋಟಾರು ಎಂದಿನಂತೆ ಹುಬ್ಬು ಕುಣಿಸಿ ಬಾಯಿ ಆಡಿಸುತ್ತಿದ್ದಳು. ಮಿಸ್ ಕಣ್ಣಿಗೆ ಕಣ್ಣು ಸಿಕ್ಕಿದ್ದೇ, ಒಂದು ಬೆರಳನ್ನು ತನ್ನ ಗಂಟಲ ಮೇಲಿಟ್ಟು ಮೆಲ್ಲಗೆ ತಲೆಯಾಡಿಸಿದಳು. ಹೆದರಬೇಡಿ ಮಿಸ್, ಒಂದು ಚೂರೂ ಶಬ್ದ ಬಿಟ್ಟಿಲ್ಲ ಎಂದು ಧೈರ್ಯ ಹೇಳುವ ಹಾಗೆ. ಮಿಸ್ ಪರೀಕ್ಷೆ ಕೆಡದಂತೆ ಆ ಮಗು ಕಾಯುತ್ತಿತ್ತು.

ಹೊಸ ಮಿಸ್‌ಗೆ ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಸಿಟ್ಟು ಬಂತು, ಎಂಥ ಸಿಟ್ಟು ಎಂದರೆ ಕೈ ತಾನಾಗಿ ಮೇಲೆದ್ದು ಹಾಡನ್ನು ನಡುವೆಯೇ ತಡೆಯಿತು.

"ನಿಲ್ಸಿ ಎಲ್ಲರೂ. ಹಿಂದಿನ ಸಾಲು, ಮುಂದೆ ಬನ್ನಿ."

ಮಕ್ಕಳು ಮುಖ ಮುಖ ನೋಡಿಕೊಂಡರು. ಮೂಲೆಯಲ್ಲಿ ಕುರ್ಚಿ ಕಿರ್ರೆಂದಿತು. ಹಿಂದಿನ ಸಾಲು ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಮುಂದೆ ಬಂದು ನಿಂತಿತು. ಅವಳು ಮೋಟಾರಿನ ಎದುರು ಮಂಡಿಯೂರಿ ಕೂತಳು.

"ಮೆಟ್ಟಿಲ ಮೇಲೆ ಕೊಡ್ತೀಯಲ್ಲ, ಆ ಸ್ವರ ಕೊಡು."

"ಮಿಸ್," ಹುಡುಗಿ ಪಿಸುಗುಟ್ಟಿದಳು, "ಇವತ್ತು ನಿಮ್ಮ ಪರೀಕ್ಷೆ."

"ನಂದೇ. ಅದಕ್ಕೇ ಕೇಳ್ತಿರೋದು. ಕೊಡು."

ಹುಡುಗಿ ಒಮ್ಮೆ ದೊಡ್ಡ ಮಿಸ್ ಕಡೆ ನೋಡಿದಳು. ಆಮೇಲೆ ಕಣ್ಣು ಮುಚ್ಚಿ ಗುಂಯ್ ಎಂದಳು. ಯಾರೋ ಕಿಸಕ್ಕೆಂದರು. ಹೊಸ ಮಿಸ್ ಆ ಸ್ವರವನ್ನು ಹಿಡಿದು ಎದ್ದು ನಿಂತು, ಕೈಯಿಂದ ಇಡೀ ತರಗತಿಯನ್ನು ಅದಕ್ಕೆ ಕರೆದಳು. ಕಿಸಕ್ಕೆಂದವರೂ ಬರಬೇಕಾಯಿತು.

"ಮಿಸ್, ಇಷ್ಟು ಕೆಳಗೆ ಗಂಟಲಿಗೆ ಸಿಗ್ತಿಲ್ಲ," ಎಂದು ಮುಂದಿನ ಸಾಲಿನ ಮುಖ್ಯ ಗಾಯಕಿ ಮುಖ ಸಿಂಡರಿಸಿದಳು.

"ಇಷ್ಟು ದಿನ ಇವರಿಗೆ ಸಿಕ್ತಿರ್ಲಿಲ್ಲ. ಹುಡುಕು, ಸಿಗುತ್ತೆ."

ಹುಡುಕಿದರು. ಚೆನ್ನಾಗಿತ್ತು ಎಂದರೆ ಸುಳ್ಳಾಗುತ್ತದೆ. ಮೊದಲ ಸಲ ಸಾಲು ಅರ್ಧಕ್ಕೇ ಮುಗ್ಗರಿಸಿತು. ಎರಡನೆಯ ಸಲ ಮುಂದಿನವರು ಗೊಣಗಿದಂತೆ ಹಾಡಿದರು, ಹಿಂದಿನವರು ಕಿರುಚಿದರು. ಒಬ್ಬ ಆ ಸಲ ಪೂರ್ತಿ ಬೇರೆಯೇ ಊರಿನಲ್ಲಿದ್ದ. ಆದರೆ ಗಂಟೆ ಹೊಡೆಯುವ ಮುಂಚೆ ಒಂದು ಸಲ, ಒಂದೇ ಸಲ, ದಡದ ಮೇಲಿನ ದೋಣಿ ಎಲ್ಲರ ಬಾಯಲ್ಲೂ ಒಟ್ಟಿಗೆ ಅಲುಗಾಡಿತು. ಮೋಟಾರು ಹುಬ್ಬು ಕುಣಿಸಲಿಲ್ಲ. ಹಾಡುವ ಕೆಲಸದಲ್ಲಿ ಅವಳಿಗೆ ಅದಕ್ಕೆಲ್ಲ ಪುರುಸೊತ್ತಿರಲಿಲ್ಲ.

ಮಕ್ಕಳು ಹೋದ ಮೇಲೆ ಪರೀಕ್ಷಕರು ಕನ್ನಡಕ ಒರೆಸಿಕೊಂಡರು. "ಯೋಜನೇಲಿ ನಾಲ್ಕು ಸಾಲು, ಎರಡು ಧ್ವನಿ ಅಂತ ಬರೆದಿದೀರಿ. ಆಗಿದ್ದು ಒಂದು ಸಾಲು."

"ಒಂದೇ ಸಾರ್. ಆದ್ರೆ ಎಲ್ಲರೂ."

"ಎಲ್ಲರೂ ಅನ್ನೋದಕ್ಕೆ ನನ್ನ ಹತ್ರ ಅಂಕ ಇಲ್ಲಮ್ಮ." ಮನುಷ್ಯ ಕೆಟ್ಟವನಲ್ಲ, ದನಿಯಲ್ಲಿ ನಿಜವಾದ ಸಂಕಟವಿತ್ತು. "ಹೀಗೇ ಬಿಟ್ರೆ ನೀವು ಅನುತ್ತೀರ್ಣ, ಮುಂದಿನ ಅವಧೀಲಿ ಮತ್ತೆ ಬರ್ಬೇಕು. ಒಂದು ದಾರಿ ಇದೆ. ಇವತ್ತು ಹುಷಾರಿರ್ಲಿಲ್ಲ, ತಲೆ ತಿರುಗಿ ಪಾಠ ತಪ್ಪಿತು ಅಂತ ಹೇಳಿ. ಇದೇ ವಾರ ಇನ್ನೊಂದು ಪಾಠ ನೋಡ್ತೀನಿ."

"ಹೇಳ್ಬಿಡಮ್ಮ," ಎಂದರು ದೊಡ್ಡ ಮಿಸ್. ಅವರ ದನಿಯೂ ಯಾಕೋ ಗಟ್ಟಿಯಿರಲಿಲ್ಲ. "ಹಟ ಮಾಡ್ಬೇಡ. ಆ ಕಡೆ ಕೆಲಸಾನೂ ಹೋಗುತ್ತೆ."

ಅವಳಿಗೆ ಕಾಲು ಮುರಿದ ಮೇಜು ನೆನಪಾಯಿತು. ಅದರ ಕೆಳಗೆ ತಾನೇ ಇಟ್ಟಿದ್ದ ಇಟ್ಟಿಗೆ ಚೂರು ನೆನಪಾಯಿತು. ಒಂದು ಸುಳ್ಳು, ಅದೂ ತಲೆಸುತ್ತಿನಷ್ಟು ಸಣ್ಣ ಸುಳ್ಳು. ಯಾರಿಗೂ ನಷ್ಟವಿಲ್ಲ. ಆದರೆ ಮರುದಿನ ಮೆಟ್ಟಿಲ ಮೇಲೆ ಆ ಹುಡುಗಿ ಕೇಳಿದರೆ? ನಾನು ಹಾಡಿದಾಗ ನಿಮಗೆ ಕಾಯಿಲೆ ಆಗಿತ್ತಂತೆ, ಹೌದಾ ಮಿಸ್?

"ಹುಷಾರಾಗೇ ಇದ್ದೆ ಸಾರ್," ಎಂದು ಕಡ್ಡಿ ಮುರಿದಂತೆ ಹೇಳಿದಳು. "ಇಷ್ಟು ಹುಷಾರಾಗಿ ಯಾವತ್ತೂ ಪಾಠ ಮಾಡಿಲ್ಲ. ಮುಂದಿನ ಅವಧೀಲಿ ಬರ್ತೀನಿ. ಇದೇ ಶಾಲೆ, ಇದೇ ತರಗತಿ ಕೊಡಿ. ಆಗ ಎರಡು ಸಾಲು ಆಗಿರುತ್ತೆ."

ಪರೀಕ್ಷಕರು ನಿಟ್ಟುಸಿರು ಬಿಟ್ಟು ಪೆನ್ನು ತೆಗೆದರು. ಅವಳು ನಮಸ್ಕಾರ ಹೇಳಿ ಹೊರಗೆ ಬಂದಳು. ಮೊಗಸಾಲೆಯ ಕೊನೆಯ ನಲ್ಲಿಯಲ್ಲಿ ಮುಖ ತೊಳೆದಳು, ಸ್ವಲ್ಪ ಅತ್ತಳು, ಮತ್ತೆ ತೊಳೆದಳು. ಗಂಡನಿಗೆ ಫೋನು ಮಾಡಿ ಹೇಳಿದಾಗ ಆ ಕಡೆ ಅವನು, "ಹತ್ತಿಸಿಕೊಂಡೇ ಬಿಟ್ಯಾ?" ಎಂದ. "ಸರಿ ಬಿಡು. ನನ್ನ ಬಸ್ಸು ಇನ್ನೂ ಓಡ್ತಿದೆ."

ಶಾಲೆ ಬಿಟ್ಟಿತ್ತು. ಅಂಗಳ ಖಾಲಿ. ಗೇಟಿನ ಪಕ್ಕದ ಕಟ್ಟೆಯ ಮೇಲೆ ಮೋಟಾರು ಅಮ್ಮನಿಗಾಗಿ ಕಾಯುತ್ತ ಕಾಲು ಆಡಿಸುತ್ತಿದ್ದಳು. ಹಾಡುತ್ತಿದ್ದಳು. ಅದೇ ಒಂದು ಸಾಲು, ತನ್ನದೇ ಶ್ರುತಿಯಲ್ಲಿ, ರಸ್ತೆಗೆ ಕೇಳಿಸುವಷ್ಟು ಜೋರಾಗಿ. ಮುಗಿದ ಕೂಡಲೇ ಮತ್ತೆ ಮೊದಲಿನಿಂದ.

ಹೊಸ ಮಿಸ್ ಅಂಗಳದ ನಡುವೆ ಇದ್ದಾಗ ಬೆನ್ನ ಹಿಂದೆ ಸಭಾಂಗಣದ ತೆರೆದ ಕಿಟಕಿಯಿಂದ ಪಿಯಾನೋದ ಒಂದೇ ಒಂದು ಸ್ವರ ಕೇಳಿಸಿತು. ವರ್ಷದ ಮೊದಲ ದಿನ ಒತ್ತುವ ಅದೇ ಎತ್ತರದ ಸ್ವರ. ನಿಂತಿತು. ಹುಡುಗಿ ಮತ್ತೆ ಸಾಲು ಎತ್ತಿಕೊಂಡಾಗ, ಕಿಟಕಿಯೊಳಗೆ ಅದಕ್ಕಿಂತ ಕೆಳಗಿನ ಇನ್ನೊಂದು ಮನೆಯನ್ನು ಯಾರೋ ಅಳುಕುತ್ತ ಒತ್ತಿದರು. ಅದೂ ಹೊಂದಲಿಲ್ಲ.

ಅವಳು ತಿರುಗಿ ನೋಡಲಿಲ್ಲ. "ಇನ್ನೂ ಒಂದು ಮನೆ ಕೆಳಗೆ, ಮೇಡಂ," ಎಂದು ನಿಂತಲ್ಲಿಂದಲೇ ಕೂಗಿ ಹೇಳಿದಳು.

ಆ ಮನೆ ನುಡಿಯಿತು, ಹುಡುಗಿಯ ಶ್ರುತಿಗೆ ಹೊಂದಿತು. ಕಟ್ಟೆಯ ಮೇಲೆ ಹುಡುಗಿ ಕಾಲು ಆಡಿಸುವುದನ್ನು ನಿಲ್ಲಿಸಿ, ಎರಡನೆಯ ಸಾಲು ಶುರು ಮಾಡಿದಳು.