ಕರಿಬಸಮ್ಮನ ಬಲಗೈ

ಕರಿಬಸಮ್ಮನಲ್ಲಿ ಬುದ್ಧಿಗಿಂತ ಮುಂಚೆ ಓಡುವುದು ಬಲಗೈ. ಐ.ಡಿ.ಹಳ್ಳಿಯ ಸುತ್ತ ಯಾವ ಕೊಟ್ಟಿಗೆಯಲ್ಲಿ ದನ ಜೊಲ್ಲು ಸುರಿಸಿ ಮೇವು ಬಿಟ್ಟರೂ, ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ಅವಳಿಗೇ ಕರೆ ಹೋಗುತ್ತಿತ್ತು. ಎಡಗಾಲನ್ನು ತುಸು ಎಳೆಯುತ್ತ, ದಾರಿಯುದ್ದಕ್ಕೂ ದನದೊಡೆಯನನ್ನು ಬೈಯುತ್ತ ಬಂದು, ಬಳೆ ತೆಗೆದು ಸೆರಗಿನಲ್ಲಿ ಗಂಟುಕಟ್ಟಿ, ಮಗುವಿನದಂಥ ಆ ಸಣ್ಣ ಕೈಯನ್ನು ಗಂಟಲಿಗಿಳಿಸಿ, ಮಾವಿನ ಓಟೆಯನ್ನೋ ಪ್ಲಾಸ್ಟಿಕ್ಕಿನ ಉಂಡೆಯನ್ನೋ ಹೊರಗೆಳೆಯುತ್ತಿದ್ದಳು. ಪ್ರತಿಫಲ ಒಂದು ಲೋಟ ಕಾಫಿ, ಅದೂ ಸಕ್ಕರೆ ಹೆಚ್ಚಾಗಿರಬೇಕು.

ಕಳೆದ ಆಷಾಢದಲ್ಲಿ ಚಿಕ್ಕರಂಗಯ್ಯನ ಹಸುವಿಗೂ ಹೀಗೇ ಆಯಿತು. ಅವನು ದವಡೆ ಅಗಲಿಸಿ ಹಿಡಿದ, ಇವಳು ಕೈ ಹಾಕಿದಳು; ಹಲ್ಲು ತರಚಿ ಇಬ್ಬರ ಕೈಯಲ್ಲೂ ರಕ್ತ ಬಂತು, ಗಂಟಲಲ್ಲಿ ಮಾತ್ರ ಏನೂ ಸಿಗಲಿಲ್ಲ. ಮರುದಿನ ಹಸು ಕಂಬಕ್ಕೆ ತಲೆ ಚಚ್ಚಿಕೊಳ್ಳುತ್ತ, ಒಡೆದ ದನಿಯಲ್ಲಿ ಅರಚುತ್ತ ಸತ್ತಿತು. ತಿಂಗಳ ಹಿಂದೆ ಅದಕ್ಕೆ ಬೀದಿನಾಯಿ ಕಚ್ಚಿದ್ದನ್ನು ಕೇಳಿ ತಿಳಿದ ಪಶುವೈದ್ಯೆ ಗಂಗಾಂಬಿಕಾ, ಇದು ಹುಚ್ಚುನಾಯಿ ರೋಗ, ಅದರ ವಿಷ ಜೊಲ್ಲಿನಲ್ಲೇ ಇರುತ್ತದೆ, ರೋಗ ತಲೆಯೆತ್ತಿದ ಮೇಲೆ ಉಳಿವಿಲ್ಲ, ಇಬ್ಬರೂ ಇವತ್ತೇ ಸೂಜಿ ಹಾಕಿಸಿಕೊಳ್ಳಿ ಎಂದರು.

ಕರಿಬಸಮ್ಮ ಸೋಪು ಹಚ್ಚಿ ಕೈ ತೊಳೆದು ಮಧುಗಿರಿಯ ಆಸ್ಪತ್ರೆಗೆ ಹೊರಟಳು. ಚಿಕ್ಕರಂಗಯ್ಯ ಹೊರಡಲಿಲ್ಲ.

“ಬೇರು ಅರೆದು ಕಟ್ಕಂಡಿವ್ನಿ ಕಣಕ್ಕ. ನಂಗೆ ತರಚಿದ್ದು ಹಸು, ನಾಯಿ ಅಲ್ವಲ್ಲ.”

ಮಧುಗಿರಿಯ ಬಸ್ಸು ಬಂದು ಹೋಯಿತು. ಅವಳು ಅವನ ಜಗುಲಿ ಬಿಟ್ಟು ಏಳಲಿಲ್ಲ. ತನ್ನ ಪ್ರಾಣದ ಭಯ ಅವಳಿಗಿಲ್ಲದಿರಲಿಲ್ಲ. ಆದರೆ ತನ್ನ ಒಂದು ಮಾತಿಗೆ ದವಡೆ ಹಿಡಿದವನ ಅಂಗೈಯ ಗಾಯ ಅವಳನ್ನು ಹೆಚ್ಚು ಸುಡುತ್ತಿತ್ತು.

“ನಾನ್ ಹಿಡ್ಕ ಅಂದೆ, ನೀನ್ ಹಿಡ್ಕಂಡೆ. ಆವಾಗ ಯಾಕೆ ಅಂತ ಕೇಳ್ಲಿಲ್ಲ ಕಣ್ಲಾ. ಈಗ್ಲೂ ಕೇಳ್ಬ್ಯಾಡ, ಎದ್ದೇಳು. ನೀನ್ ಬರ್ದೆ ನಾನೂ ಹೋಗಾಕಿಲ್ಲ.”

“ನಿಂಗೇನಾರ ಆದ್ರೆ?”

“ಆಗ್ಲಿ. ತಪ್ಪು ನಂದು.”

ಅವನು ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದ. ಮುಂದಿನ ಬಸ್ಸಿಗೆ ಇಬ್ಬರೂ ಹೋದರು. ಉಳಿದ ಸೂಜಿಗಳ ದಿನವೂ ಅವಳೇ ಬೆಳಗಾಗುತ್ತಲೇ ಬಂದು ಅವನ ಬಾಗಿಲು ಬಡಿದಳು.

ಈಗಲೂ ಕೊಟ್ಟಿಗೆಗಳಿಂದ ಕರೆ ಬಂದರೆ ಹೋಗುತ್ತಾಳೆ. ಆದರೆ ಡಾಕ್ಟರು ಬರುವ ತನಕ ಯಾರನ್ನೂ ದನದ ಬಾಯಿಯ ಬಳಿ ಬಿಡದೆ ಅಡ್ಡ ನಿಲ್ಲುತ್ತಾಳೆ. ಪರೋಪಕಾರಕ್ಕೆ ಧಾವಿಸುವವರು ಎಡವದೆ ಇರುವುದಿಲ್ಲ. ಸುಮ್ಮನೆ ಕೂತವರಿಗಷ್ಟೇ ಆ ಭಯವಿಲ್ಲ. ಕರಿಬಸಮ್ಮನಂಥವರ ದೊಡ್ಡತನವಿರುವುದು, ತಮ್ಮ ತಪ್ಪಿನೊಳಗೆ ಎಳೆದುಕೊಂಡವರನ್ನು ಅಲ್ಲೇ ಬಿಟ್ಟು ತಾವೊಬ್ಬರೇ ಪಾರಾಗಲು ಒಪ್ಪದಿರುವುದರಲ್ಲಿ. ಊರು ಅಂಥವರನ್ನು ಹಟಮಾರಿಗಳೆನ್ನುತ್ತದೆ, ಅವರ ಹಟದಿಂದಲೇ ಬದುಕಿಯೂ ಇರುತ್ತದೆ.