ನೋಣಯ್ಯನ ಹಂಚು

ನಮ್ಮ ಕ್ಲಬ್ಬಿನ ಚರಿತ್ರೆ ಓದಬೇಕಾದರೆ ಕತ್ತು ಮೇಲೆತ್ತಬೇಕು. ಅತ್ತಾವರದ ಸನ್‌ರೈಸ್ ಫುಟ್‌ಬಾಲ್ ಕ್ಲಬ್ ಎಂದರೆ ಒಂದೇ ಕೋಣೆ, ಎರಡು ಬೆಂಚು, ಚಿಲಕ ಹೋದ ಒಂದು ಕಿಟಕಿ. ಹೊರಗಿನಿಂದ ನೋಡಿದವರು ಇದೆಂಥ ಕ್ಲಬ್ಬು ಎಂದು ಮೂಗು ಮುರಿಯುತ್ತಾರೆ. ಮುರಿಯಲಿ. ಒಳಗೆ ಬಂದು ಬೆಂಚಿನ ಮೇಲೆ ಕೂತು ತಲೆಯ ಮೇಲಿನ ಮಾಡು ನೋಡಿದರೆ ಸಾಲಾಗಿ ಇಪ್ಪತ್ತು ಹಂಚುಗಳ ಒಳಮೈಯಲ್ಲಿ ಇಪ್ಪತ್ತು ಇಸವಿ, ಪ್ರತಿಯೊಂದಕ್ಕೂ ಒಂದು ಹೆಸರು ಕಾಣುತ್ತದೆ. ಆಯಾ ವರ್ಷದ ನಮ್ಮ ಅತ್ಯುತ್ತಮ ಆಟಗಾರರ ಹೆಸರು ಅವು.

ಬೇರೆ ಕ್ಲಬ್ಬಿನವರು ಬೆಳ್ಳಿ ಕಪ್ಪು ಕೊಡುತ್ತಾರೆ. ನಾವು ಹಂಚು ಕೊಡುತ್ತೇವೆ. ಇದು ಶುರುವಾದದ್ದು ೧೯೨೬ರಲ್ಲಿ. ಕ್ಲಬ್ಬಿನ ತೆಂಗಿನ ಮಡಲಿನ ಮಾಡು ತೆಗೆದು ಹಂಚು ಹೊದಿಸುವಾಗ ಒಂದು ಹಂಚು ಕಮ್ಮಿ ಬಿತ್ತು. ಹೊಳೆಬದಿಯ ನಮ್ಮ ಕಾರ್ಖಾನೆಯಲ್ಲಿ ಹಂಚು ಒತ್ತುತ್ತಿದ್ದ ಮುದ್ದಣ್ಣ ಒಂದು ಹಸಿ ಹಂಚು ಒತ್ತಿ, ಆ ವರ್ಷ ಹೆಚ್ಚು ಗೋಲು ಹೊಡೆದವನ ಹೆಸರನ್ನು ಮೊಳೆಯಲ್ಲಿ ಗೀಚಿ, ಸುಟ್ಟು ತಂದುಕೊಟ್ಟ. ಹೆಸರು ಹೊತ್ತ ಹುಡುಗ ತಾನೇ ಏಣಿ ಹತ್ತಿ ಅದನ್ನು ಹೊದಿಸಿದ. ಅಲ್ಲಿಂದ ಅದೇ ಪದ್ಧತಿಯಾಯಿತು. ಪ್ರತಿ ವರ್ಷ ಒಂದು ಬರೀ ಹಂಚು ತೆಗೆದು ಹೆಸರಿನ ಹಂಚು ಇಡುವುದು. ಯಾರ ಹಂಚು ಸೋರುತ್ತದೋ ಅವನೇ ಮಳೆಯಲ್ಲಿ ಹತ್ತಿ ಸರಿಮಾಡಬೇಕು. ಅತ್ಯುತ್ತಮ ಆಟಗಾರನಾದರೂ ಅದಕ್ಕೆ ಮಾಫಿ ಇಲ್ಲ.

ಮುದ್ದಣ್ಣನ ಕಣ್ಣು ಮಂಜಾದ ಮೇಲೆ, ೧೯೩೦ರಿಂದ, ಹೆಸರು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಹೇಮಾಕ್ಷಿ. ಐದನೇ ಕ್ಲಾಸು ಓದಿ ಕಾರ್ಖಾನೆ ಸೇರಿದವಳು, ಹಸಿ ಹಂಚಿನ ಅಂಚು ಸವರುವುದು ನನ್ನ ಕೆಲಸ. ನನ್ನ ಅಕ್ಷರ ದುಂಡಗೆ ಎಂದು ಮ್ಯಾನೇಜರರೂ ಒಪ್ಪಿದ್ದರು. ಇದನ್ನು ನಾನೇ ಹೇಳಿಕೊಳ್ಳುತ್ತಿದ್ದೇನೆ, ಬೇರೆ ಯಾರೂ ಹೇಳುವುದಿಲ್ಲವಲ್ಲ.

ಹೆಸರು ಆರಿಸುವ ಕ್ರಮವೂ ನಮ್ಮದೇ. ಮಳೆಗಾಲದ ಆಟಗಳೆಲ್ಲ ಮುಗಿದ ಮೇಲೆ ಹದಿನಾಲ್ಕು ಮಂದಿ ಆಟಗಾರರು ಒಬ್ಬೊಬ್ಬರಾಗಿ ಬಂದು ಅಧ್ಯಕ್ಷ ಯಾಹ್ಯಾ ಸಾಹುಕಾರರ ಕಿವಿಯಲ್ಲಿ ಒಂದು ಹೆಸರು ಹೇಳಬೇಕು. ತನ್ನ ಹೆಸರು ಹೇಳಬಾರದು. ಹೆಚ್ಚು ಮಂದಿ ಹೇಳಿದ ಹೆಸರನ್ನು ಸಾಹುಕಾರರು ಚೀಟಿಯಲ್ಲಿ ಬರೆದು ನನಗೆ ಕೊಡುತ್ತಿದ್ದರು. ವಾರ್ಷಿಕೋತ್ಸವದ ದಿನ ಗೋಣಿ ಬಿಚ್ಚಿ ಹಂಚು ತೋರಿಸುವ ತನಕ ಅದು ನಮ್ಮಿಬ್ಬರಿಗೆ ಮಾತ್ರ ಗೊತ್ತು. ಭಟ್ಟಿಯಲ್ಲಿ ಒಂದು ಒಡೆದರೆ ಇನ್ನೊಂದಿರಲಿ ಎಂದು ನಾನು ಎರಡು ಹಂಚಿನ ಮೇಲೆ ಒಂದೇ ಹೆಸರು ಬರೆಯುತ್ತಿದ್ದೆ. ಎರಡೂ ಗಟ್ಟಿಯಾಗಿ ಬಂದರೆ ಒಂದನ್ನು ಪುಡಿ ಮಾಡುತ್ತಿದ್ದೆವು.

ಹೀಗೆ ಮೊದಲ ಹನ್ನೆರಡು ವರ್ಷಗಳಲ್ಲಿ ಹನ್ನೆರಡು ಹೆಸರಾಯಿತು. ಹನ್ನೆರಡೂ ಗೋಲು ಹೊಡೆದವರವು. ಆ ಹನ್ನೆರಡು ವರ್ಷವೂ ನಮ್ಮ ಗೋಲಿನ ಬಾಯಲ್ಲಿ ಗೋಲಿಯಾಗಿ ನಿಂತವನು ಒಬ್ಬನೇ, ನನ್ನ ಅಣ್ಣ ನೋಣಯ್ಯ. ಬೆಳಿಗ್ಗೆಯಿಂದ ದೋಣಿಯಿಂದ ಮಣ್ಣು ಇಳಿಸಿ, ಸಂಜೆ ಬರಿಗಾಲಲ್ಲಿ ಮೈದಾನದ ಕೆಸರಿಗೆ ಬೀಳುತ್ತಿದ್ದವನು. ಗೋಲು ಹೊಡೆದವನನ್ನು ಹೆಗಲ ಮೇಲೆ ಹೊತ್ತು ಹಂಪನಕಟ್ಟೆಯ ತನಕ ಹೋಗುತ್ತಿದ್ದರು. ತಡೆದವನು ಹಿಂದಿನಿಂದ ಕೆಸರು ಒರಸಿಕೊಳ್ಳುತ್ತಾ ನಡೆದು ಬರುತ್ತಿದ್ದ. ನನಗೆ ಮೈ ಉರಿಯುತ್ತಿತ್ತು. ಅಣ್ಣ ಮಾತ್ರ ಕ್ಲಬ್ಬಿನ ಬೆಂಚಿನ ಮೇಲೆ ಮಲಗಿ ಮಾಡು ನೋಡುತ್ತಾ, "ಇವನ ಅಕ್ಷರ ಚಂದ ಬಂದಿದೆ" ಎನ್ನುತ್ತಿದ್ದ. ಅವನಿಗೂ ಅಲ್ಲೊಂದು ಹಂಚು ಬೇಕಿತ್ತು. ಬಾಯಿಬಿಟ್ಟು ಹೇಳಲಿಲ್ಲ, ಆದರೆ ತಂಗಿಗೆ ಅಷ್ಟೂ ತಿಳಿಯುವುದಿಲ್ಲವೇ?

೧೯೩೮ರಲ್ಲಿ ಅವನಿಗೆ ಮೂವತ್ತಮೂರು. ಮೊಣಕಾಲು ಮಡಚುವಾಗ ಸದ್ದು ಬರುತ್ತಿತ್ತು. ಇದೇ ಕೊನೆಯ ವರ್ಷ ಎಂದು ಎಲ್ಲರಿಗೂ ಹೇಳಿಯಾಗಿತ್ತು. ಆಟಗಳು ಮುಗಿದವು, ಸಾಹುಕಾರರ ಚೀಟಿ ಬಂತು. ಬಿಡಿಸಿದರೆ 'ವಿಲ್ಲಿ' ಎಂದಿತ್ತು.

ವಿಲ್ಲಿ ನಮ್ಮ ಸೆಂಟರ್ ಫಾರ್ವರ್ಡ್, ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವ ಹುಡುಗ. ಸುಳ್ಳು ಹೇಳಬಾರದು, ಆ ವರ್ಷ ಒಂಬತ್ತು ಗೋಲು ಹೊಡೆದಿದ್ದ, ಚೆನ್ನಾಗಿಯೇ ಆಡಿದ್ದ. ಆದರೆ ಅವನಿಗೆ ಇಪ್ಪತ್ತೆರಡು ವರ್ಷ, ಮುಂದೆ ಬೇಕಾದಷ್ಟು ಕಾಲ ಇತ್ತು. ಮೊದಲ ಹಂಚಿನ ಮೇಲೆ 'ವಿಲ್ಲಿ ೧೯೩೮' ಎಂದು ಬರೆದೆ. ಎರಡನೆಯದನ್ನು ಎದುರಿಗೆ ಇಟ್ಟುಕೊಂಡಾಗ ಕೈ ಬೇರೆ ದಾರಿ ಹಿಡಿಯಿತು. ಕೈ ಎಂದೇಕೆ ಹೇಳಬೇಕು, ನಾನೇ ಬೇಕೆಂದು ಬರೆದೆ. 'ನೋಣಯ್ಯ ೧೯೩೮'. ಹೇಗೂ ಪುಡಿ ಮಾಡುವ ಹಂಚಲ್ಲವೇ, ಗುಟ್ಟಾಗಿ ಮನೆಗೆ ತಂದು ಅಣ್ಣನ ಕೈಗೆ ಕೊಡೋಣ ಎಂದಷ್ಟೇ ನನ್ನ ಯೋಚನೆ. ಅಷ್ಟು ಚಂದ ನಾನು ಯಾರ ಹೆಸರನ್ನೂ ಬರೆದಿರಲಿಲ್ಲ.

ಭಟ್ಟಿ ಬಿಚ್ಚುವ ದಿನವೇ ನನಗೆ ಜ್ವರ ಬಂದು ಮಲಗಿಬಿಟ್ಟೆ. ಹಂಚು ಹೊರಗೆ ತೆಗೆದವನು ಬೋಜ. ಭಟ್ಟಿಯೊಳಗೆ ಹಂಚು ಜೋಡಿಸುವುದರಲ್ಲಿ ಅವನಷ್ಟು ಗಟ್ಟಿಗ ಇನ್ನೊಬ್ಬನಿಲ್ಲ, ಆದರೆ ಅಕ್ಷರ ಬಾರದು. ಎರಡರಲ್ಲಿ ಒಂದು ನಡುವೆ ಬಿರುಕು ಬಿಟ್ಟಿತ್ತು. ಅದನ್ನು ಎಸೆದು, ಗಟ್ಟಿಯಿದ್ದದ್ದನ್ನು ಪ್ರತಿ ವರ್ಷದ ಹಾಗೆ ಗೋಣಿಯಲ್ಲಿ ಸುತ್ತಿ ಕ್ಲಬ್ಬಿಗೆ ಕೊಟ್ಟುಬಂದ. ನನಗೆ ಹೇಳಿ ಕಳಿಸಬೇಕೆಂದು ಅವನಿಗೇಕೆ ಹೊಳೆಯಬೇಕು? ಎರಡೂ ಒಂದೇ ಹೆಸರಿನವು ಎಂದೇ ಅವನ ಲೆಕ್ಕ.

ಆದಿತ್ಯವಾರ ವಾರ್ಷಿಕೋತ್ಸವ. ಜ್ವರ ಬಿಟ್ಟ ಮೈಯಲ್ಲಿ ನಾನು ಹೋಗಿ ಹೆಂಗಸರ ಜೊತೆ ಬಾಗಿಲ ಬಳಿ ನಿಂತೆ. ಸಾಹುಕಾರರು ಗೋಣಿ ಬಿಚ್ಚಿದರು. ಮುಂದಿದ್ದವನು ಯಾರೋ ಗಟ್ಟಿಯಾಗಿ ಓದಿದ:

"ನೋಣಯ್ಯ!"

ಕೋಣೆ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ವಿಲ್ಲಿ. ಅಣ್ಣ ಎದ್ದು ನಿಂತ. ಅವನ ಮುಖ ನೋಡಿದವರು ಆಮೇಲೆ ಎಷ್ಟೋ ದಿನ ಅದನ್ನೇ ಹೇಳುತ್ತಿದ್ದರು. ಸಾಹುಕಾರರು ಮಾತ್ರ ಹಂಚನ್ನೂ ನನ್ನನ್ನೂ ನೋಡಿದರು. ಆ ದೊಡ್ಡ ಮನುಷ್ಯ ನನ್ನ ಮಾನ ಉಳಿಸಲು ಸುಮ್ಮನಿದ್ದರು.

ಅಣ್ಣ ಹಂಚನ್ನು ಎದೆಗೆ ಒತ್ತಿಕೊಂಡು ಏಣಿ ಹತ್ತಿದ. ನಾಲ್ಕು ಮೆಟ್ಟಲಾಯಿತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲವೂ ಸುಸೂತ್ರವಾಗಿ ಮುಗಿಯುತ್ತಿತ್ತು. ಆದರೆ ಇನ್ನು ಮೇಲೆ ಅವನು ಬೆಂಚಿನ ಮೇಲೆ ಮಲಗಿ ಮಾಡು ನೋಡುವಾಗಲೆಲ್ಲ ಆ ಸಾಲಿನಲ್ಲಿ ಕದ್ದ ಹಂಚು ಒಂದೇ ಇರುತ್ತದೆ, ಅದೂ ಅವನದೇ.

"ಅಣ್ಣ, ಇಳಿ!" ಎಂದು ಕೂಗಿದೆ. "ಅದು ನಿನ್ನದಲ್ಲ. ಹೆಸರು ವಿಲ್ಲಿಯದ್ದು ಬಂದದ್ದು. ನಾನೇ ಬರೆದದ್ದು ಅದನ್ನು."

ಚಪ್ಪಾಳೆ ನಿಂತಿತು. ಅಣ್ಣ ಇಳಿದ. ಸಾಹುಕಾರರ ಕಡೆ ತಿರುಗಿ, "ಹೌದಾ ಸಾಹುಕಾರ್ರೇ?" ಎಂದ. ಅವರು ತಲೆ ತಗ್ಗಿಸಿದರು. ಅಣ್ಣ ವಿಲ್ಲಿಯ ಹತ್ತಿರ ಹೋಗಿ ಅವನ ಕೈ ಕುಲುಕಿದ. ಆಮೇಲೆ ಹಂಚನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ನಡೆದ. ನಾನು ಹತ್ತು ಮಾರು ಹಿಂದೆ.

ಮನೆಯಂಗಳದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅದನ್ನಿಟ್ಟು, "ಒಡೆ" ಎಂದ.

ಒಡೆದೆ. ನಾನು ಬರೆದವುಗಳಲ್ಲೇ ಚಂದದ ಅಕ್ಷರವನ್ನು ನಾನೇ ಕಲ್ಲಿಂದ ಕುಟ್ಟಿ ಪುಡಿಮಾಡಿದೆ. ಅತ್ತುಬಿಟ್ಟೆ, ಹೌದು. ಅಣ್ಣ ನೋಡುತ್ತಾ ನಿಂತಿದ್ದ. ಕೊನೆಗೆ, "ಮುಂದಿನ ವರ್ಷವೂ ಆಡ್ತೇನೆ" ಎಂದ.

"ನಿನ್ನ ಮೊಣಕಾಲು?"

"ಮೊಣಕಾಲಿಗೆ ಎಂತ ಉಂಟು? ಅದು ನನ್ನ ಜೊತೆಯೇ ಬರ್ತದೆ."

ಕಮಿಟಿಯವರು ಸಭೆ ಕೂಡಿ, ಇನ್ನು ಹೇಮಾಕ್ಷಿ ಹಂಚಿನ ಮೇಲೆ ಬರೆಯುವುದು ಬೇಡ ಎಂದರು. ಮುಂದಿನ ಮಳೆಗಾಲದ ತನಕದ ಭಟ್ಟಿಗಳೆಲ್ಲ ಆಗಲೇ ಮಾರಾಟದ ಮಾಲಿಗೆ ನಿಗದಿಯಾಗಿದ್ದರಿಂದ ವಿಲ್ಲಿಯ ಜಾಗದಲ್ಲಿ ಆ ವರ್ಷ ಬರೀ ಹಂಚೇ ಉಳಿಯಿತು.

೧೯೩೯ರ ಮಳೆಗಾಲ ನೆನೆಸಿದರೆ ನನಗೆ ಈಗಲೂ ಎದೆ ಉಬ್ಬುತ್ತದೆ. ಮೂವತ್ತನಾಲ್ಕರ ಅಣ್ಣ ಕದ್ರಿ ಗುಡ್ಡವನ್ನು ದಿನಾ ಬೆಳಗ್ಗೆ ಓಡಿ ಹತ್ತುತ್ತಿದ್ದ. ಒಂಬತ್ತು ಆಟಗಳಲ್ಲಿ ಅವನು ಬಿಟ್ಟುಕೊಟ್ಟದ್ದು ಎರಡೇ ಗೋಲು. ಕೊನೆಯ ಆಟದಲ್ಲಿ ಉಂಗುರದ ಬೆರಳು ಕಳಚಿತು. ಹೊರಗೆ ಬಂದು ನನ್ನೆದುರು ಕೈ ಚಾಚಿದ, ನಾನು ಸೆರಗಿನ ಅಂಚು ಹರಿದು ಪಕ್ಕದ ಬೆರಳಿಗೆ ಸೇರಿಸಿ ಕಟ್ಟಿದೆ. ಮತ್ತೆ ಒಳಗೆ ಹೋದ. ಐದು ನಿಮಿಷ ಇರುವಾಗ ನಮ್ಮ ವಿರುದ್ಧ ಪೆನಾಲ್ಟಿ ಬಿತ್ತು. ಹೊಡೆದವನು ಎಡಮೂಲೆಗೆ ಹೊಡೆದ. ಅಣ್ಣ ಕೆಸರಿನಲ್ಲಿ ಜಾರುತ್ತಾ ಹೋಗಿ ಅದೇ ಕೈಯಲ್ಲಿ ಚೆಂಡನ್ನು ಹೊರಗೆ ತಳ್ಳಿದ. ಆ ದಿನ ಹಂಪನಕಟ್ಟೆಯ ತನಕ ಹೆಗಲ ಮೇಲೆ ಹೋದವನು ಗೋಲಿ. ನಾನು ಹಿಂದಿನಿಂದ ಅತ್ತುಕೊಂಡು, ನಗಾಡಿಕೊಂಡು ನಡೆದೆ.

ವಾರದ ಮೇಲೆ ಯಾಹ್ಯಾ ಸಾಹುಕಾರರು ವಿಲ್ಲಿಯನ್ನು ಕರೆದುಕೊಂಡು ಕಾರ್ಖಾನೆಗೆ ಬಂದರು. ಸಾಹುಕಾರರು ಚೀಟಿ ಚಾಚಿದರು. ನಾನು ಕೈ ಹಿಂದಕ್ಕೆಳೆದೆ.

"ನಾನು ಬರೆಯಬಾರದಲ್ಲ?"

"ನಾನು ಕಮಿಟಿಗೆ ಹೇಳಿದ್ದೇನೆ ಹೇಮಾಕ್ಷಿಯಕ್ಕ" ಎಂದ ವಿಲ್ಲಿ. "ಮೋಸ ಆದದ್ದು ನನಗೆ. ಮಾಫಿ ಮಾಡುವ ಹಕ್ಕೂ ನನ್ನದೇ. ಕಳೆದ ವರ್ಷದ ನನ್ನ ಹಂಚಿಗೆ ಹೆಸರು ನೀವೇ ಬರೀಬೇಕು. ದಿನಾ ಅಕ್ಷರದಲ್ಲೇ ಕೆಲಸ ಮಾಡುವವನು ಮಾರಾಯ್ರೇ, ಚಂದದ ಅಕ್ಷರ ಯಾವುದೆಂದು ನನಗೆ ಗೊತ್ತುಂಟು."

ಚೀಟಿ ಬಿಡಿಸಿದೆ. 'ನೋಣಯ್ಯ' ಎಂದಿತ್ತು. ಆದರೂ ನನ್ನ ಸ್ವಭಾವ ಬಿಡಬೇಕಲ್ಲ. "ಕನಿಕರಕ್ಕೆ ಕೊಟ್ಟದ್ದಾ?" ಎಂದು ಕೇಳಿಯೇಬಿಟ್ಟೆ.

ಸಾಹುಕಾರರಿಗೆ ಸಿಟ್ಟೇ ಬಂತು. "ಎಂತ ಮಾತಾಡ್ತಿ? ಹದಿನಾಲ್ಕರಲ್ಲಿ ಹದಿಮೂರು ಮಂದಿ ಅವನ ಹೆಸರು ಹೇಳಿದ್ದಾರೆ."

"ಹೇಳದವನು ಯಾರು?"

"ನೋಣಯ್ಯ. ತನ್ನ ಹೆಸರು ಹೇಳುವ ಹಾಗಿಲ್ಲವಲ್ಲ. ಅವನು ವಿಲ್ಲಿ ಅಂದ."

ಮ್ಯಾನೇಜರರು ಕ್ಲಬ್ಬಿಗೆಂದು ಭಟ್ಟಿಯಲ್ಲಿ ಬಿಡುತ್ತಿದ್ದದ್ದು ಎರಡೇ ಹಂಚಿನ ಜಾಗ. ಈ ಸಲ ಎರಡು ಹೆಸರು. ವಿಲ್ಲಿಗೆ ಒಂದು, ಅಣ್ಣನಿಗೆ ಒಂದು, ಒಡೆದರೆ ಬದಲಿ ಇಲ್ಲ. ಬರೆದು, ಒಣಗಿಸಿ, ಯಾವುದು ಯಾರದ್ದೆಂದು ಹೇಳಿ ಬೋಜನ ಕೈಗೆ ಕೊಟ್ಟೆ. ಭಟ್ಟಿಯ ನಡುವೆ ಬೆಂಕಿ ಹದವಾಗಿ ತಾಗುತ್ತದೆ, ಅಲ್ಲಿಟ್ಟದ್ದು ಒಡೆಯುವುದು ಅಪರೂಪ. ಬೆಂಕಿಯ ಬಾಯಿಯ ಹತ್ತಿರದ ಸಾಲಿನಲ್ಲಿ ನಾಲ್ಕಕ್ಕೆ ಒಂದು ಹೋಗುತ್ತದೆ. ನಡುವೆ ಒಂದೇ ಜಾಗ ಉಳಿದಿದೆ ಎಂದ ಬೋಜ.

"ಅಣ್ಣನದ್ದು ಎಲ್ಲಿ ಇಡ್ಲಿ?"

"ನಡುವಿನದ್ದು ವಿಲ್ಲಿಗೆ" ಎಂದೆ. "ಅಣ್ಣನದ್ದನ್ನು ಬೆಂಕಿಯ ಬಾಯಿಗೆ ಇಡು."

ಭಟ್ಟಿ ಉರಿದು ಆರುವ ತನಕ ನನಗೆ ಊಟ ಸೇರಲಿಲ್ಲ. ಬಿಚ್ಚುವ ದಿನ ಜ್ವರ ಬಂದಿದ್ದರೂ ಹೋಗುತ್ತಿದ್ದೆ. ವಿಲ್ಲಿಯ ಹಂಚು ಕೆಂಪಗೆ, ನುಣ್ಣಗೆ ಬಂತು. ಬೆಂಕಿಯ ಬಾಯಿಯ ಸಾಲಿನಿಂದ ಬೋಜ ಒಡಕು ಹಂಚುಗಳನ್ನು ಒಂದೊಂದಾಗಿ ತೆಗೆದು ಬದಿಗೆ ಎಸೆದ. ಆಮೇಲೆ ಎರಡೂ ಕೈಯಲ್ಲಿ ಒಂದನ್ನು ಎತ್ತಿ ತಂದ. ಸುಟ್ಟು ಕಪ್ಪಾಗಿತ್ತು. ಗೆರೆಯಷ್ಟೂ ಬಿರುಕಿರಲಿಲ್ಲ. 'ನೋಣಯ್ಯ ೧೯೩೯'. ಬೋಜ ಬೆರಳ ಗಂಟಿನಿಂದ ತಟ್ಟಿದರೆ ಗಂಟೆಯ ಹಾಗೆ ಸದ್ದು ಬಂತು.

ವಾರ್ಷಿಕೋತ್ಸವದ ದಿನ ವಿಲ್ಲಿ ತನ್ನದನ್ನು ಮೊದಲು ಹೊದಿಸಿದ. ಅಣ್ಣ ಏಣಿಯ ಬುಡದಲ್ಲಿ ಕಪ್ಪು ಹಂಚು ಹಿಡಿದು ನನ್ನನ್ನು ಹತ್ತಿರ ಕರೆದ.

"ಬೆಂಕಿಯ ಬಾಯಿಗೆ ಇಡಲು ಹೇಳಿದ್ದು ನೀನಂತೆ. ಬೋಜ ಹೇಳಿದ."

"ಹೌದು" ಎಂದೆ. ಬೈಗುಳಕ್ಕೆ ತಯಾರಾಗಿದ್ದೆ.

"ಒಳ್ಳೇದಾಯ್ತು" ಎಂದ ಅಣ್ಣ. "ಗೋಲಿ ನಿಲ್ಲುವ ಜಾಗ ಅದುವೇ ಅಲ್ವಾ?"

ಏಣಿಯ ನಾಲ್ಕನೇ ಮೆಟ್ಟಲಿಗೆ ಬಂದಾಗ ಒಮ್ಮೆ ನಿಂತು ನನ್ನತ್ತ ನೋಡಿದ. ನಾನು ಬಾಯಿ ತೆರೆಯಲಿಲ್ಲ. ಹತ್ತಿ ಹೋಗಿ ಹಂಚು ಇಟ್ಟ.

ಅದಾಗಿ ಆರು ಮಳೆಗಾಲ ಕಳೆದಿದೆ. ವಿಲ್ಲಿಯ ಹಂಚು ಎರಡು ಸಲ ಸೋರಿತು, ಎರಡು ಸಲವೂ ಅವನು ಕೊಂಕಣಿಯಲ್ಲಿ ಬೈಯುತ್ತಾ ಹತ್ತಿದ್ದಾನೆ. ಅಣ್ಣನಿಗೆ ಮತ್ತೆ ಒಮ್ಮೆಯೂ ಹತ್ತಬೇಕಾಗಿ ಬಂದಿಲ್ಲ. ಹೊಸ ಹುಡುಗರು ಬಂದು ಮಾಡು ನೋಡಿ, ಕೆಂಪು ಸಾಲಿನಲ್ಲಿ ಇದೊಂದು ಯಾಕೆ ಕಪ್ಪು ಎಂದು ಕೇಳುತ್ತಾರೆ. ಅದು ನಮ್ಮ ಗೋಲಿಯದ್ದು, ಅದರ ಅಡಿಯಲ್ಲಿ ಕೂತರೆ ಒಂದು ಹನಿ ಒಳಗೆ ಬರುವುದಿಲ್ಲ ಎಂದು ನಾನು ಹೇಳುತ್ತೇನೆ.