ಮುತ್ಯಾನ ಹಗ್ಗ, ಆರು ಡಬ್ಬಿ

ಗಾಜಿಪುರದ ಮನೆಯ ಅಂಗಳದಲ್ಲಿ ಮೊಮ್ಮಗಳು ಸಪ್ನಾ ಆರು ಎಣ್ಣೆ ಡಬ್ಬಿಗಳಿಗೆ ಕೆಂಪು ಬಣ್ಣ ಬಳಿಯುತ್ತಿದ್ದಳು. ಭಾಗಮ್ಮ ಹೊಸ್ತಿಲ ಮೇಲೆ ಕೂತು ಎಲೆಯಡಿಕೆ ಜಗಿಯುತ್ತಿದ್ದಳು.

"ಆರು ಡಬ್ಬಿ ಎಣ್ಣಿಯೊಳಗ ಇಡೀ ಕಲಬುರಗಿಗೆ ಭಜಿ ಕರೀಬಹುದಿತ್ತು. ನೀ ಕೆರಿಯಾಗ ಬಿಡ್ಲಾಕತ್ತಿ."

"ಖಾಲಿ ಡಬ್ಬಿ ಆಯಿ. ಶಹಾಬಜಾರದ ಕಾಮ್ರಾನ್ ಭಾಯಿ ಪುಕ್ಕಟ ಕೊಟ್ಟಾರ."

ಸಪ್ನಾಳ ಆಟ ವಾಟರ್ ಸ್ಕೀ. ಮೋಟರ್ ದೋಣಿ ನಡುವೆ ನೆಟ್ಟಗೆ ಓಡಬೇಕು. ಹಿಂದೆ ಹಗ್ಗ ಹಿಡಿದ ಹುಡುಗಿ ಹಲಗೆಯ ಮೇಲೆ ನಿಂತು ಎಡಕ್ಕೊಂದು ಬಲಕ್ಕೊಂದು ತೇಲುವ ಆರು ಡಬ್ಬಿಗಳನ್ನು ಸುತ್ತಬೇಕು. ರಾಜ್ಯದ ತಂಡದ ಆಯ್ಕೆಗೆ ಇಪ್ಪತ್ತೇ ದಿನ ಉಳಿದಿದ್ದವು. ಅಭ್ಯಾಸಕ್ಕೆ ಸುತ್ತಮುತ್ತ ಎಲ್ಲೂ ಅಂಥ ಸಾಲು ಇರಲಿಲ್ಲ. ಅದಕ್ಕೇ ಕಮಲಾಪುರದ ಕೆರೆಯಲ್ಲಿ ತಾನೇ ಕಟ್ಟಲು ಹೊರಟಿದ್ದಳು.

ಹೋದ ಭಾನುವಾರ ಕಟ್ಟಿಯೂ ಆಗಿತ್ತು. ನೀರಿನೊಳಗೆ ಉದ್ದಕ್ಕೂ ಒಂದು ಹಗ್ಗ ಎಳೆದು, ಅದಕ್ಕೆ ಎಡಬಲಕ್ಕೆ ಅಡ್ಡ ಬಿದಿರು ಕಟ್ಟಿ, ಅವುಗಳ ತುದಿಗೆ ಡಬ್ಬಿಗಳನ್ನು ಬಿಗಿದಿದ್ದಳು. ಹೊಸ ಪ್ಲಾಸ್ಟಿಕ್ ಹಗ್ಗ ಎಳೆದಷ್ಟೂ ಹಿಗ್ಗಿತು. ಸಂಜೆಯ ಹೊತ್ತಿಗೆ ಡಬ್ಬಿಗಳು ಸಂತೆಗೆ ಹೊರಟ ಮೇಕೆಗಳಂತೆ ಮನಬಂದ ಕಡೆ ನಿಂತಿದ್ದವು.

"ಹಿಗ್ಗದ ಹಗ್ಗ ಬೇಕು ಆಯಿ," ಎಂದ ಸಪ್ನಾಳ ಕಣ್ಣು ಗೋಡೆಯ ಗೂಟದ ಕಡೆ ಹೋಗಿ ತಕ್ಷಣ ಕೆಳಗಿಳಿಯಿತು.

ಗೂಟದಲ್ಲಿ ಭಾಗಮ್ಮನ ಗಂಡ ದೌಲಪ್ಪನ ಹಗ್ಗವಿತ್ತು. ಕಮಲಾಪುರದ ತೋಟದಲ್ಲಿ ಕೆಂಪು ಬಾಳೆ ನೆಡಲು ಅವನೇ ಪುಂಡಿನಾರಿನಿಂದ ಹೊಸೆದದ್ದು. ಆರಾರು ಅಡಿಗೊಂದು ಗಂಟು, ಗಂಟಿಗೊಂದು ಗಿಡ. ಮೂವತ್ತು ವರ್ಷ ನೆನೆದು, ಒಣಗಿ, ಹಿಗ್ಗುವುದನ್ನೇ ಮರೆತ ಹಗ್ಗ. ಅವನು ಹೋಗಿ ಹನ್ನೊಂದು ವರ್ಷವಾದರೂ ಭಾಗಮ್ಮ ಅದನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ದಿನಾ ಬೆಳಿಗ್ಗೆ ಧೂಳು ಹೊಡೆಯುವ ನೆಪದಲ್ಲಿ ಅದಕ್ಕೆ ನಾಲ್ಕು ಬೈಗುಳ ಬೈಯುತ್ತಿದ್ದಳು.

"ಕೇಳಲಾಕ ಬಾಯಿಲ್ಲೇನು ನಿನಗ?"

"ನೀರಾಗೇ ಇರ್ತದ ಆಯಿ. ಎರಡು ವರ್ಷಕ್ಕ ಕೊಳತು ಹೋಗ್ತದ. ಬ್ಯಾಡ ಬಿಡು."

ಭಾಗಮ್ಮ ಎಲೆಯಡಿಕೆಯನ್ನು ಅಂಗಳದ ಮೂಲೆಗೆ ಉಗಿದಳು.

"ಎರಡು ವರ್ಷ ಅಂದ್ರ ನನಕಿಂತ ಗಟ್ಟಿ ಅದ. ಒಯ್ಯಿ. ಸೊಟ್ಟ ಸಾಲು ಕಂಡ್ರ ನಿಮ್ಮ ಮುತ್ಯಾ ಎಂಟು ದಿನ ಉಣ್ತಿದ್ದಿಲ್ಲ. ಅಲ್ಲೆ ಕುಂತು ಮೀನಕ್ಕೂ ಸಾಲು ಹಚ್ಚಲಿ."

ಸಪ್ನಾ ಬಣ್ಣದ ಕೈ ತೊಳೆಯಲು ಹಿತ್ತಲಿಗೆ ಹೋದಾಗ ಭಾಗಮ್ಮ ಅಡುಗೆಮನೆಯಿಂದ ಈಳಿಗೆ ತಂದಳು.

ಭಾನುವಾರ ಕೆರೆಯ ಏರಿಯ ಮೇಲೆ, ದೋಣಿಯ ತುಕಾರಾಮ ಹಗ್ಗದ ಸುರುಳಿ ಬಿಚ್ಚುತ್ತ ತುದಿ ಹಿಡಿದು ನಿಂತ. "ಇಲ್ಲಿ ಹೊಸದಾಗಿ ಕೊಯ್ದಾರಲ್ಲ. ಕಡೀ ಗಂಟೇ ಇಲ್ಲ."

ಸಪ್ನಾ ಅಜ್ಜಿಯ ಕಡೆ ನೋಡಿದಳು. ಅಜ್ಜಿ ನೀರಿನ ಕಡೆ ನೋಡುತ್ತಿದ್ದಳು. ಒಂದು ಕೈ ಸೊಂಟದ ಸಂಚಿಯ ಮೇಲಿತ್ತು.

"ಇಲಿ ಕಡದದ ಕಾಕಾ," ಎಂದಳು ಸಪ್ನಾ. "ಒಂದು ಮೊಳ ಬ್ಯಾರೆ ಹಗ್ಗ ಹಚ್ಚಮು."

"ಹೂಂ ನನ್ನವ್ವ, ಇಲಿ," ಎಂದಳು ಭಾಗಮ್ಮ. "ಎಮ್ಮಿಯಷ್ಟು ಇತ್ತು."

ಮಧ್ಯಾಹ್ನದ ಹೊತ್ತಿಗೆ ಆರೂ ಡಬ್ಬಿಗಳು ಬಾಳೆಯ ಸಾಲಿನ ಹಾಗೆ ನಿಂತವು. ದೋಣಿ ಗುಡುಗಿತು. ಸಪ್ನಾ ಮೊದಲನೆಯದನ್ನು ಸುತ್ತಿದಳು, ಎರಡನೆಯದನ್ನು, ಮೂರನೆಯದನ್ನು. ಡಬ್ಬಿಗಳು ಅಲುಗಿ ಮತ್ತೆ ತಮ್ಮ ಜಾಗಕ್ಕೇ ಬಂದವು. ಐದನೆಯದರ ಹತ್ತಿರ ಅವಳು ಮೊಳಕೈ ನೀರಿಗೆ ತಾಗುವಷ್ಟು ವಾಲಿದಾಗ ಭಾಗಮ್ಮ ಸಂಚಿಯೊಳಗಿನ ಹಗ್ಗದ ಗಂಟನ್ನು ಮುಷ್ಟಿಯಲ್ಲಿ ಹಿಂಡಿದಳು.

ಹುಡುಗಿ ಎದ್ದಳು. ಆರನೆಯದನ್ನೂ ಸುತ್ತಿದಳು.

"ನೋಡಿದೇನೋ ಮುದುಕಾ," ಎಂದು ಭಾಗಮ್ಮ ಸಂಚಿಗೆ ಮೆಲ್ಲಗೆ ಹೇಳಿದಳು, "ನಿನ್ನ ಸಾಲು ನೆಟ್ಟಗ ಅದ. ಇವತ್ತರ ಉಣ್ಣು."